ಇಪ್ಪತ್ತು ಕಳೆದು ಬರೆದದ್ದು

ಸಾಲುತ್ತಿಲ್ಲ, ಬೆಲ್ಟು ಸಾಲುತ್ತಿಲ್ಲ, ಸಿಸ್ಟರ್ ನನ್ನ ಬೆನ್ನಿನ ಕೆಳಗಿಂದ ಎಳೆದು ಈ ಕಡೆ ತಂದು ನೋಡಿದಳು, ನಾಲ್ಕು ಬೆರಳು ಕಡಿಮೆ, ಈಗ ಇನ್ನೊಂದು ಬೆಲ್ಟನ್ನು ಅದರ ತುದಿಗೆ ಸೇರಿಸುತ್ತಿದ್ದಾಳೆ, ಬಾಯಿ ಬಿಡುತ್ತಿಲ್ಲ, ಏನಾದರೂ ಅಂದುಬಿಟ್ಟಿದ್ದರೆ ಚೆನ್ನಾಗಿತ್ತು, ಅಂದವರಿಗೆ ತಿರುಗಿ ಕೊಡಲು ನನ್ನ ಹತ್ತಿರ ಮಾತು ತಯಾರಾಗಿಯೇ ಇರುತ್ತದೆ, ಈ ಮೌನಕ್ಕೆ ಏನು ಕೊಡುವುದು — ಟಾರ್ಪಾಲಿನ ಹಗ್ಗ ಸಾಲದಾಗ ಲಾರಿಯವರೂ ಹೀಗೇ ಎರಡು ಹಗ್ಗ ಸೇರಿಸಿ ಗಂಟು ಹಾಕುತ್ತಾರೆ. ಹೊಟ್ಟೆಗೆ ಸವರಿದ ಜೆಲ್ಲು ತಣ್ಣಗೆ ಪಕ್ಕಕ್ಕೆ ಇಳಿಯುತ್ತಿದೆ, ಬಿಲ್ಲೆಯಂಥ ಒಂದನ್ನು ಒತ್ತಿ ಒತ್ತಿ ಹುಡುಕುತ್ತಿದ್ದಾಳೆ, ಹೊಕ್ಕುಳ ಕೆಳಗೆ, ಬಲಗಡೆ, ಮತ್ತೆ ಎಡಗಡೆ, ಮಡಿಕೆಯನ್ನು ಒಂದು ಕೈಯಲ್ಲಿ ಎತ್ತಿ, ಸ್ವಲ್ಪ ನೀವೇ ಹಿಡ್ಕೊಳ್ತೀರಾ ಅಕ್ಕ, ಹಿಡಿದುಕೊಂಡೆ, ಗಾಳಿ ಬೀಸಿದಂಥ ಸದ್ದು, ನನ್ನದೇ ನಾಡಿ ಇದ್ದರೂ ಇರಬಹುದೆಂದು ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾಳೆ, ನಿಮ್ಮದು ತೊಂಬತ್ತಾರು, ಇದು ಬೇರೆ, ಇದು ಪಾಪುದೇ, ಸಿಕ್ತು. ಸಿಕ್ಕಿತು. ಮಿಷನ್ನಿನ ಮೇಲೆ ಕೆಂಪಾಗಿ ನೂರ ನಲವತ್ತೆರಡು. ನಿನ್ನೆ ಮಧ್ಯಾಹ್ನದಿಂದ ಹಿಡಿದಿಟ್ಟಿದ್ದ ಉಸಿರು ಹೊರಗೆ ಬಂತು, ಇದೆ, ಇದ್ದಾನೆ ಅಥವಾ ಇದ್ದಾಳೆ, ಒಳಗೆ ಬಡಿಯುತ್ತಿದೆ. ಕೆಂಪು ಅಂಕಿ ನೋಡಿ ನೋಡಿಯೇ ಹನ್ನೊಂದು ವರ್ಷ ಕಳೆದವಳು ನಾನು, ವೇಬ್ರಿಡ್ಜಿನ ಗಾಜಿನ ಗೂಡಿನಲ್ಲಿ, ಜಲ್ಲಿ ಲಾರಿ, ಸಿಮೆಂಟು ಲಾರಿ, ಕಬ್ಬಿಣದ ಲಾರಿ ತೂಕಕ್ಕೆ ಹತ್ತುತ್ತವೆ, ಅಂಕಿ ಓಡುತ್ತದೆ, ನಡುಗುತ್ತದೆ, ನಿಲ್ಲುತ್ತದೆ, ನಿಂತ ಮೇಲೆಯೇ ಬಟನ್ ಒತ್ತಿ ಚೀಟಿ ಹರಿದು ಕೊಡಬೇಕು, ಅಂಕಿ ನಿಲ್ಲೋ ತನಕ ಕೈ ಕಟ್ಕೊಂಡು ಕೂತಿರಮ್ಮ, ಮೊದಲ ದಿನ ಮಾಲೀಕರು ಹೇಳಿಕೊಟ್ಟ ಪಾಠ ಅದೊಂದೇ. ಎಮ್ಮೆಗಳ ಲಾರಿ ಬಂದಾಗ ಮಾತ್ರ ಅದು ನಿಲ್ಲುವುದಿಲ್ಲ, ಹತ್ತು ಕಿಲೋ ಆಚೆ, ಹತ್ತು ಕಿಲೋ ಈಚೆ, ಒಳಗೆ ಯಾವುದೋ ಒಂದು ಕಾಲು ಬದಲಿಸುತ್ತಿರುತ್ತದೆ, ಜೀವ ಇರೋ ಲೋಡು ಮೇಡಂ, ಅದೆಲ್ಲಿ ನಿಲ್ಲತ್ತೆ, ನಡುವಿಂದು ನೋಡಿ ಹಾಕ್ಕೊಳ್ಳಿ, ಎನ್ನುತ್ತಾನೆ ಗೊರಕೆ, ಚೀಟಿ ಕೈಗೆ ಬರುವಷ್ಟರಲ್ಲಿ ಸ್ಟೀರಿಂಗ್ ಮೇಲೆ ನಿದ್ದೆ ಹೋಗುವ ಆ ಡ್ರೈವರನಿಗೆ ನಾನೇ ಇಟ್ಟ ಹೆಸರು ಅದು. ಇವನೊಬ್ಬ ಮಾತ್ರ ನನ್ನ ಮೈ ಬಗ್ಗೆ ಜೋಕು ಹೊಡೆಯುವುದಿಲ್ಲ, ಉಳಿದವರು, ಅಕ್ಕ ನೀವು ಗೂಡು ಬಿಟ್ಟು ಇಳೀಬೇಡಿ, ನನ್ನ ಲೋಡು ಜಾಸ್ತಿ ತೋರಿಸತ್ತೆ. ನಾನೂ ನಗುತ್ತೇನೆ, ನಗದೆ ಇದ್ದರೆ ಅದು ನಾಳೆಯೂ ಬರುತ್ತದೆ, ನಕ್ಕರೂ ಬರುತ್ತದೆ.

ನೂರ ನಲವತ್ತೆರಡು. ಬಿಪಿ ನೋಡಲು ಅಗಲದ ಪಟ್ಟಿ ಬೇಕು ನನಗೆ, ಇಡೀ ಆಸ್ಪತ್ರೆಗೆ ಅದು ಒಂದೇ ಇದೆ, ಮೇಲಿನ ವಾರ್ಡಿಗೆ ಹೋಗಿದೆಯಂತೆ, ಚಿಕ್ಕದು ಕಟ್ಟಿದರೆ ಸುಮ್ಮನೆ ಜಾಸ್ತಿ ತೋರಿಸುತ್ತದೆ, ಚಿಕ್ಕದರಲ್ಲಿ ನೋಡಿ ಹೆದರಿಸಬೇಡಿ ಅವರನ್ನ ಎಂದು ಡಾಕ್ಟರಮ್ಮ ಮೊದಲ ದಿನವೇ ಎಲ್ಲರಿಗೂ ಹೇಳಿಟ್ಟಿದ್ದಾರೆ, ಒಳ್ಳೆಯವರು, ಅಷ್ಟು ಒಳ್ಳೆಯವರಾಗದಿದ್ದರೆ ಸುಳ್ಳು ಬರೆಯುವುದು ಇಷ್ಟು ಭಾರವಾಗುತ್ತಿರಲಿಲ್ಲ. ನೂರ ಹದಿನಾಲ್ಕು ಕಿಲೋ ಇದ್ದೆ ಮೊದಲ ದಿನ, ಅವರು ಮುಖದಲ್ಲಿ ಏನೂ ತೋರಿಸದೆ ಬರೆದುಕೊಂಡರು, ಈಗ ತೆಳ್ಳಗಾಗೋ ಸಮಯ ಅಲ್ಲ, ಉಪವಾಸ ಮಾಡಬೇಡಿ, ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಿ, ನಡೀರಿ, ಒಂಬತ್ತು ತಿಂಗಳಲ್ಲಿ ಐದಾರು ಕಿಲೋ ಮೇಲೆ ಏರಿದ್ರೆ ಸಾಕು. ನಡೆದೆ, ಲಾರಿ ಇಲ್ಲದ ಹೊತ್ತಿನಲ್ಲಿ ಅಂಗಳದ ಸುತ್ತ, ಆರು ಸುತ್ತು, ಹತ್ತು ಸುತ್ತು, ಬಿಳಿ ಬ್ರೆಡ್ಡು ಬಿಟ್ಟೆ, ಟೀಗೆ ಸಕ್ಕರೆ ಬಿಟ್ಟೆ, ನಡುಮಧ್ಯಾಹ್ನ ಕಿಸೆಯಲ್ಲಿರುತ್ತಿದ್ದ ಬಿಸ್ಕತ್ತು ಬಿಟ್ಟೆ, ಇಂದಿಗೂ ಐದು ಕಿಲೋ ದಾಟಿಲ್ಲ, ಇದೊಂದನ್ನು ನಾನು ನಿಜವಾಗಿ ಮಾಡಿದ್ದೇನೆ, ಯಾರೂ ಹೇಳದಿದ್ದರೂ ನಾನೇ ಹೇಳಿಕೊಳ್ಳುತ್ತೇನೆ. ಆಮೇಲೆ ಸಕ್ಕರೆ ಬಂತು ರಕ್ತದಲ್ಲಿ, ಬೆರಳು ಚುಚ್ಚಿ ನೋಡುವ ಪುಟ್ಟ ಮಿಷನ್ನು, ನೀಲಿ ಡೈರಿ, ದಿನಕ್ಕೆ ನಾಲ್ಕು ಸಲ, ಊಟದ ನಂತರದ ಮೂರೂ ಸರಿ ಇರುತ್ತಿದ್ದವು, ಬೆಳಗಿನದು, ಖಾಲಿ ಹೊಟ್ಟೆಯದು, ತೊಂಬತ್ತೈದರ ಒಳಗೆ ಇರಬೇಕಾದ್ದು, ನೂರ ಹತ್ತು, ನೂರ ಹದಿಮೂರು, ಏನೂ ತಿನ್ನದೆ ಎದ್ದವಳಿಗೆ ನೂರ ಹದಿಮೂರು ಹೇಗೆ ಬರುತ್ತದೆ. ಯಾರು ನಂಬುತ್ತಾರೆ. ಈ ಮೈ ನೋಡಿ ಯಾರು ನಂಬುತ್ತಾರೆ. ಚಿಕ್ಕವಳಿದ್ದಾಗ ಜ್ವರ ಬಂದರೂ ಜಾಸ್ತಿ ತಿಂದಿರ್ತಾಳೆ, ಕಾಲು ಉಳುಕಿದರೂ ಜಾಸ್ತಿ ತಿಂದಿರ್ತಾಳೆ, ನನ್ನ ಮೈಗೆ ಏನೇ ಆಗಲಿ ತಪ್ಪು ಹೋಗಿ ಕೂರುವುದು ಬಾಯಿಯ ಮೇಲೆ. ಬೆಳಗಿನದು ಏರಿದ್ರೆ ಅದು ನಿಮ್ಮ ತಪ್ಪಲ್ಲಮ್ಮ, ಮಾಸು ಮಾಡೋ ಕೆಲಸ, ಒಂದು ಚಿಕ್ಕ ಇನ್ಸುಲಿನ್ ಸೂಜಿ ಶುರು ಮಾಡ್ತೀವಿ, ಅಷ್ಟೇ. ಹೀಗೆ ಅಂದಿದ್ದರು ಡಾಕ್ಟರಮ್ಮ, ನನ್ನ ಎದುರೇ ಅಂದಿದ್ದರು, ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡೆ, ನನಗೆ ನಿಜ ಹೇಳುವವರಿಗಿಂತ ಸಮಾಧಾನ ಹೇಳುವವರೇ ಜಾಸ್ತಿ ಸಿಕ್ಕಿದ್ದು.

ಅಲುಗಿತೇ, ಇಲ್ಲ, ನೂರ ನಲವತ್ತೆರಡು, ಕಾಗದ ಮಿಷನ್ನಿನಿಂದ ಸರಸರ ಬರುತ್ತಿದೆ, ಗೆರೆ ಸ್ಕೇಲಿಟ್ಟು ಎಳೆದಂತೆ ನೇರ. ಮಳೆ ಬಂದ ಮಾರನೇ ದಿನ ವೇಬ್ರಿಡ್ಜಿನ ಪ್ಲಾಟ್‌ಫಾರ್ಮಿನ ಮೇಲೆ ಕೆಸರು ಕೂತಿರುತ್ತದೆ, ಲಾರಿ ಹತ್ತುವ ಮೊದಲೇ ಇಪ್ಪತ್ತು ಕಿಲೋ ತೋರಿಸುತ್ತದೆ, ತೊಳೆಯುವ ತನಕ ಪ್ರತಿ ಲೋಡಿನಿಂದ ಇಪ್ಪತ್ತು ಕಳೆದು ಬರೆಯಬೇಕು, ಅದು ಮೋಸ ಅಲ್ಲ, ಅದೇ ಸರಿಯಾದ ಲೆಕ್ಕ, ಹನ್ನೊಂದು ವರ್ಷದಿಂದ ನನ್ನ ಕೈ ತಾನಾಗಿಯೇ ಮಾಡುವ ಕೆಲಸ. ಹಾಗಾದರೆ ಸಕ್ಕರೆ ನೋಡುವ ಪುಟ್ಟ ಮಿಷನ್ನಿಗೂ ಕೆಸರು ಕೂತಿದೆಯೇ, ನೋಡೇಬಿಡೋಣ ಎಂದು ಒಂದು ಬೆಳಿಗ್ಗೆ ನಮ್ಮ ಮನೆಯವರ ಬೆರಳು ಚುಚ್ಚಿದೆ, ಪಂಕ್ಚರ್ ಅಂಗಡಿಯ ಬಾಗಿಲು ತೆಗೆದು ಬಂದಿದ್ದರು, ಕಡ್ಡಿಯಂಥ ಮನುಷ್ಯ, ಯಾವ ಕಾಯಿಲೆಯೂ ಇಲ್ಲ, ಏನಾದ್ರೂ ತಿಂದ್ರಾ, ಏನೂ ತಿಂದಿಲ್ಲ ಮಾರಾಯ್ತಿ ಚುಚ್ಚು ಬೇಗ, ನೂರ ಹದಿನಾರು. ನನಗೆ ಆದ ಖುಷಿ ಯಾರಿಗೂ ಹೇಳುವಂಥದ್ದಲ್ಲ, ಗಂಡನ ರಕ್ತದಲ್ಲಿ ಸಕ್ಕರೆ ಕಂಡು ಹಿಗ್ಗಿದ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು, ಇಷ್ಟು ತೆಳ್ಳಗಿನವರಿಗೇ ನೂರ ಹದಿನಾರು ಅಂದರೆ ಮಿಷನ್ನೇ ಇಪ್ಪತ್ತು ಜಾಸ್ತಿ ತೋರಿಸುತ್ತಿದೆ, ಅಂದಿನಿಂದ ಇಪ್ಪತ್ತು ಕಳೆದು ಬರೆದೆ, ನೂರ ಹನ್ನೆರಡಕ್ಕೆ ತೊಂಬತ್ತೆರಡು, ನೂರ ಹದಿನಾಲ್ಕಕ್ಕೆ ತೊಂಬತ್ತನಾಲ್ಕು, ಡೈರಿ ನೋಡಿ ಡಾಕ್ಟರಮ್ಮ, ನಿಮ್ಮಂಥವರು ಹತ್ತು ಜನ ಇದ್ರೆ ನನ್ನ ಕೆಲಸ ಎಷ್ಟು ಸಲೀಸು, ಸೂಜಿ ಬೇಡ ಬಿಡಿ. ಪೇಟೆಯಲ್ಲಿ ಎದೆ ಎತ್ತಿ ನಡೆದೆ ಅವತ್ತು. ಮೂರು ವಾರದ ಕೆಳಗೆ ಇವರ ಅಂಗಡಿಗೆ ಬುತ್ತಿ ಕೊಡಲು ಹೋದೆ, ಬೆಳಗಿನ ಮಾತು ಬಂತು, ಬಾಗಿಲು ತೆಗೆದ ಕೂಡ್ಲೇ ಒಂದು ಟೀ ಕುಡೀದೆ ಇದ್ರೆ ನಂಗೆ ಕೈಯೇ ಓಡಲ್ಲ, ಸಕ್ಕರೆ ಎರಡು ಚಮಚ. ದಿನಾನಾ. ದಿನಾ. ನಾನು ಬೆರಳು ಚುಚ್ಚಿದ ದಿನಾನೂ. ಹೂಂ, ಟೀ ಏನು ತಿನ್ನೋ ವಸ್ತುವಾ. ಟೈರಿನ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು, ತಲೆ ಎತ್ತಲಿಲ್ಲ, ನನ್ನ ಮುಖ ನೋಡಲಿಲ್ಲ, ಮಿಷನ್ನು ಸರಿಯಾಗಿಯೇ ಇತ್ತು, ಕೆಸರು ಎಲ್ಲೂ ಇರಲಿಲ್ಲ. ಅಂದಿನ ತನಕ ಬರೆದದ್ದು ಮೂರ್ಖತನ, ಸರಿ, ಯಾರಾದರೂ ಕ್ಷಮಿಸಬಹುದು. ಮಾರನೇ ಬೆಳಿಗ್ಗೆ ನೂರ ಹದಿನೆಂಟು ಬಂತು, ಗೊತ್ತಿದ್ದೂ ಗೊತ್ತಿದ್ದೂ ತೊಂಬತ್ತೆಂಟು ಅಂತಲೂ ಬರೆಯಲಿಲ್ಲ, ತೊಂಬತ್ತನಾಲ್ಕು ಎಂದು ಬರೆದೆ.

ಈಗ ಅಡ್ಡ ತಿರುಗಿ ಅಕ್ಕ, ಎಡ ಮಗ್ಗುಲು. ತಿರುಗುವುದೇ ಒಂದು ಕೆಲಸ, ಮಂಚ ಕಿರುಗುಟ್ಟುತ್ತದೆ, ಅವಳು ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಅಲುಗಿಸುತ್ತಾಳೆ, ಮಲಗಿರಬಹುದು, ಕೆಲವು ಪಾಪುಗಳು ಮುಕ್ಕಾಲು ಗಂಟೆ ಮಲಗ್ತವೆ, ಎಬ್ಬಿಸೋಣ, ಅನ್ನುವಾಗ ನನ್ನ ಕಡೆ ನೋಡುತ್ತಿಲ್ಲ, ಕಾಗದ ನೋಡುತ್ತಿದ್ದಾಳೆ. ಕಳೆದ ಸಲ ಇವಳೇ ಹೇಳಿಕೊಟ್ಟದ್ದು, ಈ ಅಂಕಿ ಕುಣೀತಾ ಇರ್ಬೇಕು ಅಕ್ಕ, ನೂರ ಮೂವತ್ತು, ನೂರ ಐವತ್ತು, ಹೀಗೆ, ಒಂದೇ ಕಡೆ ನಿಂತ್ರೆ ನಮಗೆ ಸರಿ ಅನ್ಸಲ್ಲ, ಅವತ್ತು ಕುಣಿದಿತ್ತು, ಎಮ್ಮೆ ಲಾರಿಯ ಹಾಗೆ ಅಂದೆ ನಾನು, ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ನಿನ್ನೆ ಮಧ್ಯಾಹ್ನ ಒದೆತ ಕಡಿಮೆ ಅನ್ನಿಸಿದಾಗಲೇ ಎದ್ದು ಬರಬೇಕಿತ್ತು, ಎರಡು ಗಂಟೆಯಲ್ಲಿ ಹತ್ತು ಒದೆತ ಎಣಿಸಬೇಕು, ನಾಲ್ಕೇ ಸಿಕ್ಕವು, ಅತ್ತೆಗೆ ಹೇಳಿದೆ, ಅಷ್ಟು ಮಾಂಸದ ಹಿಂದಿದ್ರೆ ನಿಂಗೆ ಹೇಗೆ ತಿಳೀಬೇಕು ಹೇಳು, ಸುಮ್ನೆ ಮಲಕ್ಕೋ, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನನ್ನ ಕಾಲಿಗೆ ದಿಂಬು ಇಟ್ಟುಕೊಂಡೇ ಅಂದದ್ದು, ನಾನೂ ನಂಬಿದೆ, ನನ್ನ ಮೈಯ ವಿರುದ್ಧ ಯಾರು ಏನು ಹೇಳಿದರೂ ನಂಬುವುದು ರೂಢಿಯಾಗಿಬಿಟ್ಟಿದೆ ನನಗೆ, ಹಾಗಾದರೆ ಅದಕ್ಕಿಂತ ಹಿಂದಿನ ಒಂದು ತಿಂಗಳು ಅದೇ ಮಾಂಸದ ಹಿಂದಿನಿಂದ ಒದೆತ ಹೇಗೆ ತಿಳಿಯುತ್ತಿತ್ತು, ಬಟನ್ ಒತ್ತುವ ಕೈ ತಪ್ಪುವಷ್ಟು ಜೋರಾಗಿ, ಇದನ್ನು ಯೋಚಿಸಲು ಬೆಳಗಾಗಬೇಕಾಯಿತು. ಒಂಬತ್ತು ವರ್ಷ ಕಾದು ಬಂದ ಮಗು, ಎರಡು ಸಲ ಮೂರನೇ ತಿಂಗಳು ದಾಟದೆ ಹೋದ ಮೇಲೆ ಬಂದದ್ದು, ಮೂವತ್ನಾಲ್ಕು ವಾರ ಹಿಡಿದು ಕೂತದ್ದು, ಅದಕ್ಕೆ ಬೇಕಾಗಿದ್ದದ್ದು ಒಂದು ಸೂಜಿ, ಅದು ಕೂಡ ನನಗೆ ಚುಚ್ಚುವ ಸೂಜಿ, ಅದಕ್ಕೆ ಚುಚ್ಚುವುದಲ್ಲ. ಸಿಸ್ಟರ್ ಡೈರಿ ತೆಗೆದಳು, ನೀಲಿ ಡೈರಿ, ಬೆರಳಿಟ್ಟು ಓದುತ್ತಿದ್ದಾಳೆ, ಶುಗರ್ ಎಲ್ಲ ಚೆನ್ನಾಗೇ ಇದೆಯಲ್ಲ ಮತ್ತೆ ಯಾಕೆ ಹೀಗೆ, ತನಗೆ ತಾನೇ ಅನ್ನುತ್ತಾಳೆ, ತೊಂಬತ್ತೆರಡು, ತೊಂಬತ್ತನಾಲ್ಕು, ತೊಂಬತ್ತೊಂದು, ಎಷ್ಟು ದುಂಡಗಿವೆ ನನ್ನ ಅಕ್ಷರ, ಸುಳ್ಳು ಚೀಟಿ ತಂದ ಡ್ರೈವರನ್ನು ಅಕ್ಷರ ನೋಡಿಯೇ ಹಿಡಿಯುತ್ತಿದ್ದೆ ನಾನು, ನಿಜ ಬರೆದವರದ್ದು ಅಲ್ಲಲ್ಲಿ ಕಾಟು ಹೊಡೆದಿರುತ್ತದೆ. ಈಗ ಹೇಳದಿದ್ದರೆ ಇವಳು ಡೈರಿ ನಂಬುತ್ತಾಳೆ, ಡಾಕ್ಟರಮ್ಮನೂ ನಂಬುತ್ತಾರೆ, ಮಲಗಿದೆ ಅಂತ ಕಾಯುತ್ತಾರೆ, ಇನ್ನೊಂದು ಗಂಟೆ, ಇನ್ನೊಂದು ದಿನ. ಸಿಸ್ಟರ್, ಅದು ಸುಳ್ಳು, ಬೆಳಗಿನ ಅಂಕಿಗೆಲ್ಲ ಇಪ್ಪತ್ತು ಸೇರಿಸಿ ಓದಿ. ಏನಂದ್ರಿ. ಇಪ್ಪತ್ತು ಸೇರಿಸಿ, ಎಲ್ಲದಕ್ಕೂ, ಕೊನೇ ಮೂರು ವಾರಕ್ಕೆ ಇನ್ನೂ ಜಾಸ್ತಿ, ನಾನೇ ಕಳೆದು ಬರೆದದ್ದು. ಅವಳು ಬೈಯಲಿಲ್ಲ, ಬೈಯುವಷ್ಟು ಹೊತ್ತು ನಿಲ್ಲಲಿಲ್ಲ, ಕಾಗದವನ್ನು ಮಿಷನ್ನಿನಿಂದ ಹರಿದುಕೊಂಡು, ನಾನು ಚೀಟಿ ಹರಿಯುವ ಹಾಗೆಯೇ ಒಂದೇ ಎಳೆತಕ್ಕೆ, ಡಾಕ್ಟರನ್ನ ಕರ್ಕೊಂಡು ಬರ್ತೀನಿ, ಏಳಬೇಡಿ, ಚಪ್ಪಲಿಯ ಸದ್ದು, ಓಡುತ್ತಿದ್ದಾಳೆ, ಬಾಗಿಲು ಎರಡು ಸಲ ಆಡಿ ಮುಚ್ಚಿಕೊಂಡಿತು.

ಕೋಣೆಯಲ್ಲಿ ನಾವಿಬ್ಬರೇ. ನನ್ನ ಕೆಲಸವೇ ಕಾಯುವುದು, ಅಂಕಿ ನಿಲ್ಲುವ ತನಕ ಕಾಯುವುದು, ಹನ್ನೊಂದು ವರ್ಷ ಒಂದು ದಿನವೂ ನಿಂತ ಅಂಕಿಯನ್ನು ಅಲುಗು ಎಂದು ಕೇಳಿದವಳಲ್ಲ, ಈಗ ಕೇಳುತ್ತಿದ್ದೇನೆ, ಒಂದೇ ಒಂದು ಕಾಲು ಬದಲಿಸು ಕಂದ, ಹತ್ತು ಆಚೆ, ಹತ್ತು ಈಚೆ, ಹತ್ತು ಬೇಡ, ಎರಡು ಸಾಕು, ಒಂದು ಸಾಕು, ನಡುವಿನದು ನೋಡಿ ನಾನು ಹಾಕಿಕೊಳ್ಳುತ್ತೇನೆ, ಸರಿಯಾಗಿ ಬರೆಯುತ್ತೇನೆ, ಏನೂ ಕಳೆಯುವುದಿಲ್ಲ — ಕೆಂಪಗೆ, ನೂರ ನಲವತ್ತೆರಡು, ನಿಂತಿದೆ, ನೂರ ನಲವತ್ತೆರಡು, ನಿಂತೇ ಇದೆ, ನೂರ ನಲವತ್ತೆರಡು