ಜರಡಿಗೆ ಒಂದು ಒದೆ

ಫುಟ್‌ಬಾಲ್ ಕ್ಲಬ್ಬಿನ ಆಫೀಸಿನ ಕರೆಂಟು ಕಡಿತವಾದ ಮೇಲೆ ಅಭಿಮಾನಿಗಳ ಸಭೆ ಇಸ್ತ್ರಿ ಅಕ್ಕನ ಅಂಗಡಿಗೆ ವರ್ಗವಾಯಿತು. ಹದಿನಾಲ್ಕು ವರ್ಷದಿಂದ ತಂಡದ ಅಂಗಿ ಚಡ್ಡಿಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದವಳು ಅವಳೇ ಆದ್ದರಿಂದ ಯಾರಿಗೂ ಅದು ಬೇರೆಯವರ ಜಾಗ ಅನ್ನಿಸಲಿಲ್ಲ. ಶನಿವಾರ ಮಧ್ಯಾಹ್ನ ಇಪ್ಪತ್ತು ಜನ ಬಂದರು. ಕೆಲವರು ಬಟ್ಟೆಗಂಟುಗಳ ಮೇಲೆ ಕೂತರು, ಕೆಲವರು ಬಕೆಟ್ಟು ಬೋರಲು ಹಾಕಿಕೊಂಡರು. ಜಾಗ ಸಿಗದವರು ನೇತುಹಾಕಿದ್ದ ಕೋಟುಗಳ ನಡುವೆ ತಲೆ ತೂರಿಸಿ ನಿಂತರು. ಅಕ್ಕ ಮಾತ್ರ ತನ್ನ ಮೇಜು ಬಿಟ್ಟು ಕದಲಲಿಲ್ಲ. ಹೋಟೆಲಿನವರ ನಲವತ್ತು ಮೇಜುಬಟ್ಟೆ ಸಂಜೆಯೊಳಗೆ ಮುಗಿಯಬೇಕಿತ್ತು.

ಸಭೆಗೆ ಮೇಷ್ಟ್ರು ಅಧ್ಯಕ್ಷರು. ರೇಖಾಗಣಿತ ಕಲಿಸಿ ನಿವೃತ್ತರಾದವರು. ಗಲಾಟೆ ನಿಲ್ಲುವ ತನಕ ಬಾಯಿ ಬಿಡದೆ ನಿಲ್ಲುವ ಅಭ್ಯಾಸ ಅವರೊಬ್ಬರಿಗೇ ಇದ್ದದ್ದರಿಂದ ಆ ಪದವಿ ತಾನಾಗಿ ಒಲಿದುಬಂದಿತ್ತು.

"ವಿಷಯ ಗೊತ್ತೇ ಇದೆ," ಎಂದರು ಮೇಷ್ಟ್ರು. "ಲೀಗಿನ ಶುಲ್ಕ ಕಟ್ಟಿಲ್ಲ, ಮೈದಾನದ ಬಾಡಿಗೆ ಕಟ್ಟಿಲ್ಲ. ಈ ತಿಂಗಳೊಳಗೆ ಕಟ್ಟದಿದ್ರೆ ನಾವು ಲೀಗಿಂದ ಹೊರಗೆ. ಯಾರಿಗೆ ಏನು ತೋಚುತ್ತೆ, ಹೇಳಿ."

ತೋಚುವುದಕ್ಕೇನು ಬರವಿರಲಿಲ್ಲ. ಟಿಕೆಟ್ಟಿನ ಬೆಲೆ ಏರಿಸೋಣ ಎಂದ ಒಬ್ಬ. ಈಗಿರುವ ಬೆಲೆಗೇ ಜನ ಕಾಂಪೌಂಡು ಹಾರಿ ಬರುತ್ತಾರೆ, ಇನ್ನು ಏರಿಸಿದರೆ ಕಾಂಪೌಂಡೇ ಬಿದ್ದುಹೋಗುತ್ತದೆ ಎಂದ ಇನ್ನೊಬ್ಬ. ಮುಂದೆ ಆಡುವ ಉದ್ದನೆಯ ಆಟಗಾರನನ್ನು ಬೇರೆ ಕ್ಲಬ್ಬಿಗೆ ಮಾರೋಣ ಎಂಬ ಸಲಹೆ ಬಂತು. ಅವನು ಓಡುವುದನ್ನು ಒಮ್ಮೆ ನೋಡಿದ ಯಾರೂ ಕೊಳ್ಳಲಾರರು ಎಂದು ಎಲ್ಲರೂ ಒಪ್ಪಿದರು. ಲಾಟರಿಯ ಮಾತೆತ್ತಿದಾಗ ಮೇಷ್ಟ್ರೇ ಕೈ ಅಡ್ಡ ಹಿಡಿದರು. ಹಿಂದಿನ ಸಲದ ಲಾಟರಿಯಲ್ಲಿ ಮೊದಲ ಬಹುಮಾನದ ಹೊಲಿಗೆ ಯಂತ್ರ ಅವರ ಹೆಂಡತಿಗೇ ಬಂದಿತ್ತು. ಆ ಮಾತು ಇನ್ನೂ ಊರಲ್ಲಿ ಆರಿರಲಿಲ್ಲ.

ಆಗ ಎದ್ದವನು ಕಂಡಕ್ಟರ್. ಬಸ್ಸಿನ ಹಿಂದಿನ ಬಾಗಿಲಿಂದ ಡ್ರೈವರಿಗೆ ಕೇಳುವಂತೆ ಕೂಗಿ ಪಳಗಿದ ಗಂಟಲು. ಮೆಲ್ಲಗೆ ಮಾತಾಡಿದರೂ ರಸ್ತೆಗೆ ಕೇಳುತ್ತಿತ್ತು.

"ಹಾಸಿಗೆ ಸಾಹುಕಾರರ ಹತ್ರ ಮಾತಾಡಿ ಬಂದಿದ್ದೀನಿ. ಪೂರ್ತಿ ಹಣ ಅವರೇ ಕೊಡ್ತಾರಂತೆ. ಆದ್ರೆ ಕ್ಲಬ್ಬಿಗೆ ಅವರ ಹಾಸಿಗೆ ಕಂಪನಿ ಹೆಸರು ಇಡಬೇಕು. ಅಂಗಿ ಮೇಲೆ ಹಾಸಿಗೆಯ ಹೂವಿನ ಡಿಸೈನು ಬರಬೇಕು."

ಅಂಗಡಿಯಲ್ಲಿ ಒಂದೇ ಸಮನೆ ಗದ್ದಲವೆದ್ದಿತು. ಎಪ್ಪತ್ತು ವರ್ಷದ ಹೆಸರು, ಎಪ್ಪತ್ತು ವರ್ಷದ ಕೆಂಪು ಅಂಗಿ. ಹೂವಿನ ಅಂಗಿ ತೊಟ್ಟರೆ ನಮ್ಮವರು ಮೈದಾನದಲ್ಲಿ ಮಲಗಲು ಬಂದಿದ್ದಾರೆ ಎಂದು ಎದುರಿನವರು ನಗುವುದಿಲ್ಲವೇ?

"ಕ್ಲಬ್ಬೇ ಇಲ್ಲ ಅಂದ್ಮೇಲೆ ಹೆಸರು ಇಟ್ಕೊಂಡು ಏನ್ರೀ ಮಾಡ್ತೀರಿ?" ಎಂದ ಕಂಡಕ್ಟರ್. ಅವನಿಗೂ ರೇಗಿತ್ತು. "ಈ ಗತಿ ಬಂದಿದ್ದು ಯಾರಿಂದ? ಆ ಜರಡಿಯಿಂದ. ವಾರಕ್ಕೆ ನಾಲ್ಕು ಗೋಲು ಬಿಟ್ರೆ ನೋಡೋಕೆ ಯಾರು ಬರ್ತಾರೆ? ಅವನ ಮುಂದೆ ನಮ್ಮಜ್ಜಿ ಒದ್ರೂ ಗೋಲೇ."

ಗದ್ದಲ ತಟ್ಟನೆ ನಿಂತಿತು. ಕಂಡಕ್ಟರ್ ನಾಲಿಗೆ ಕಚ್ಚಿಕೊಂಡ. ಜರಡಿ ಎಂದು ಊರು ಕರೆಯುತ್ತಿದ್ದ ಗೋಲ್ ಕೀಪರ್ ಇಸ್ತ್ರಿ ಅಕ್ಕನ ಒಡಹುಟ್ಟಿದ ತಮ್ಮ.

ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ನಿಮ್ಮಜ್ಜಿ ಯಾಕೆ, ಅವರು ಹಾಯಾಗಿರಲಿ. ನೀವೇ ಬನ್ನಿ. ಪೆನಾಲ್ಟಿ ಜಾಗದಲ್ಲಿ ಚೆಂಡಿಟ್ಟು ಕೊಡ್ತೀನಿ. ಒಂದು ಒದೆಗೆ ನೂರು ಇಡಿ. ಗೋಲಾದ್ರೆ ನಿಮ್ಮ ಹೆಸರನ್ನ ಕ್ಲಬ್ಬಿನ ಗೋಡೆ ಮೇಲೆ ಬರೆಸ್ತೀವಿ. ನನ್ನ ತಮ್ಮನಿಗೆ ಬಾಯಿಗೆ ಬಂದ ಹಾಗೆ ಅಂದೋರು ಈ ಊರಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನ ಬರಲಿ. ಅಷ್ಟು ಜನ ಬಂದ್ರೆ ಲೀಗಿನ ಶುಲ್ಕ ಏನು, ಮೈದಾನವನ್ನೇ ಕೊಂಡ್ಕೋಬಹುದು."

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, "ಇದು ಆಗೋ ಮಾತು," ಎಂದರು. ಹದಿನೈದು ಕೈಗಳು ಮೇಲೆದ್ದವು. ಕಂಡಕ್ಟರನದೂ ಇತ್ತು.

ಎಲ್ಲರೂ ಹೋದ ಮೇಲೆ ಅಕ್ಕನಿಗೆ ತಾನು ಮಾಡಿದ್ದೇನೆಂದು ಅರಿವಾಯಿತು. ತಮ್ಮನನ್ನು ಒಂದು ಮಾತು ಕೇಳದೆ ಇಡೀ ಊರಿನ ಕಾಲಿಗೆ ಕೊಟ್ಟುಬಿಟ್ಟಿದ್ದಳು.

ಬೇರೆಯವರ ಬಾಯಿಂದ ಅವನ ಕಿವಿಗೆ ಬೀಳುವ ಮೊದಲು ತಾನೇ ಹೇಳಬೇಕೆಂದು, ಉಳಿದ ಮೇಜುಬಟ್ಟೆಗಳನ್ನು ಹಾಗೇ ಬಿಟ್ಟು ಗಾಜಿನ ಅಂಗಡಿಗೆ ನಡೆದಳು. ತಮ್ಮ ಅಲ್ಲಿ ಕಿಟಕಿ ಗಾಜು ಕತ್ತರಿಸುವ ಕೆಲಸದವನು. ಒಂಬತ್ತು ವರ್ಷದಲ್ಲಿ ಅವನ ಕೈಯಿಂದ ಒಂದು ಗಾಜೂ ಜಾರಿ ಬಿದ್ದಿರಲಿಲ್ಲ. ಇದನ್ನು ಕ್ಲಬ್ಬಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಅವನು ಗಾಜಿನ ಮೇಲೆ ಪಟ್ಟಿ ಇಟ್ಟು ಗೀರೆಳೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ. ಗಾಜು ಲಟಕ್ಕೆಂದು ನೇರವಾಗಿ ಎರಡು ಹೋಳಾಯಿತು.

"ನನ್ನನ್ನ ಒಂದ್ಮಾತು ಕೇಳಬಾರದಿತ್ತಾ ಅಕ್ಕಾ?"

"ಬಾಯಿ ಜಾರಿತು ಕಣೋ. ಬೇಡ ಅನ್ನು, ಈಗಲೇ ಹೋಗಿ ಮೇಷ್ಟ್ರಿಗೆ ಹೇಳಿಬಿಡ್ತೀನಿ."

ಅವನು ಗಾಜಿನ ಅಂಚನ್ನು ಉಜ್ಜುತ್ತ ನಿಂತ. "ಅವರು ಕೂಗೋದೆಲ್ಲ ನನಗೆ ಕೇಳಿಸುತ್ತೆ ಅಂತ ಅವರಿಗೆ ಗೊತ್ತಾ? ನನ್ನ ಬೆನ್ನ ಹಿಂದೇನೇ, ಬಲೆಗೆ ಮೂಗು ತಾಗಿಸಿ ನಿಂತಿರ್ತಾರೆ."

ಆಟದ ಭರದಲ್ಲಿ ಅವನಿಗೆ ಏನೂ ಕೇಳಿಸುವುದಿಲ್ಲ ಎಂದೇ ಅಕ್ಕನೂ ಇಷ್ಟು ವರ್ಷ ನಂಬಿಕೊಂಡಿದ್ದಳು.

"ಆಗಲಿ, ನಿಲ್ತೀನಿ," ಎಂದ ಕೊನೆಗೆ. "ಒಂದೇ ಷರತ್ತು. ಅವತ್ತು ಗೋಲಿನ ಹಿಂದೆ ಒಬ್ಬರೂ ಇರಬಾರದು. ಏನು ಅನ್ನೋದಿದ್ರೂ ಎದುರಿಗೆ ನಿಂತು ಅನ್ನಲಿ."

ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೇ ಸಾಲು ಮೈದಾನದ ಗೇಟು ದಾಟಿ ಟೀ ಅಂಗಡಿ ಮುಟ್ಟಿತ್ತು. ವರ್ಷಗಟ್ಟಲೆ ಮ್ಯಾಚಿಗೆ ಕಾಲಿಡದವರೂ ಬಂದಿದ್ದರು. ಹಣ ಇಸಿದುಕೊಳ್ಳಲು ಮೇಷ್ಟ್ರು ಕೂತರು. ಎಲ್ಲರನ್ನೂ ಎದುರಿಗೆ ನಿಲ್ಲಿಸುವ ಕೆಲಸ ಅಕ್ಕನದು. ಕಂಡಕ್ಟರ್ ಹೊಸ ಬೂಟು ಹಾಕಿಕೊಂಡು ಸಾಲಿನ ಮೊದಲಿಗನಾಗಿ ನಿಂತಿದ್ದ.

ಅವನು ಹತ್ತು ಹೆಜ್ಜೆ ಹಿಂದಕ್ಕೆ ಹೋದ, ಓಡಿ ಬಂದ, ಒದ್ದ. ಚೆಂಡು ಗೋಲಿನ ಮೇಲೆ, ಕಾಂಪೌಂಡಿನ ಮೇಲೆ ಹಾರಿ ಸೈಕಲ್ ಸ್ಟ್ಯಾಂಡಿನಲ್ಲಿ ಬಿತ್ತು.

"ಜರಡಿ ಅಲುಗಾಡಲೇ ಇಲ್ಲ," ಎಂದು ಯಾರೋ ನಕ್ಕರು. ಈ ಸಲ ನಗು ಕಂಡಕ್ಟರನ ಮೇಲಿತ್ತು.

ಅವನು ಮತ್ತೆ ನೂರು ತೆತ್ತು ಮತ್ತೆ ಒದ್ದ. ಈ ಸಲ ಚೆಂಡು ಕೀಪರನ ಎದೆಗೇ ಹೋಗಿ ಕೂತಿತು. ಬೆವರು ಒರೆಸಿಕೊಳ್ಳುತ್ತ ಅಕ್ಕನ ಪಕ್ಕಕ್ಕೆ ಬಂದ. "ಹಿಂದೆ ನಿಂತು ನೋಡಿದ್ರೆ ಗೋಲು ಕೋಟೆ ಬಾಗಿಲಿನ ಹಾಗೆ ಕಾಣುತ್ತೆ ಕಣಕ್ಕಾ. ಇಲ್ಲಿಂದ ನೋಡಿದ್ರೆ ಕಿಟಕಿ. ಅದರ ತುಂಬ ಅವನೇ."

ಆಮೇಲೆ ಮೇಷ್ಟ್ರು ಎದ್ದರು. ನಿಂತು ಕೋನ ಲೆಕ್ಕ ಹಾಕಿದರು, ಗಾಳಿ ನೋಡಿದರು, ಚೆಂಡನ್ನು ಎರಡು ಬೆರಳಷ್ಟು ಎಡಕ್ಕೆ ಸರಿಸಿದರು. ಒದ್ದಾಗ ಚೆಂಡಿಗಿಂತ ಅವರ ಚಪ್ಪಲಿಯೇ ದೂರ ಹೋಯಿತು. ಕೀಪರ್ ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ತಂದುಕೊಟ್ಟ. ಜನ ಬಿದ್ದು ಬಿದ್ದು ನಕ್ಕರು, ಮೇಷ್ಟ್ರೂ ಸೇರಿ.

ಹತ್ತು ಗಂಟೆಯ ಹೊತ್ತಿಗೆ ಎಂಬತ್ತು ಜನ ಒದ್ದಾಗಿತ್ತು, ಹನ್ನೊಂದು ಗೋಲಾಗಿತ್ತು. ತಮ್ಮ ಬಲಕ್ಕೆ ಹಾರುತ್ತಿದ್ದ, ಎಡಕ್ಕೆ ಹಾರುತ್ತಿದ್ದ. ಮಂಡಿ ತರಚಿತ್ತು, ಅಂಗಿ ಪೂರ್ತಿ ಮಣ್ಣು. ಆ ಅಂಗಿ ನಾಳೆ ತನ್ನ ಕೈಗೇ ಬರುತ್ತದೆ ಎಂಬುದೂ ಅಕ್ಕನಿಗೆ ನೆನಪಾಗಲಿಲ್ಲ. ವಾರವಾರ ಮ್ಯಾಚಿನಲ್ಲಿ ಇವನ ಮುಂದೆ ನಿಂತು ಎದುರಾಳಿಗಳನ್ನು ತಡೆಯಬೇಕಾದ ನಾಲ್ವರು ಎಲ್ಲಿ ಹೋಗಿರುತ್ತಾರೆ ಎಂದು ಜನ ಮೊದಲ ಸಲ ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಹಾಸಿಗೆ ಸಾಹುಕಾರರ ಕಾರು ಬಂತು. ಸುಮ್ಮನೆ ನೋಡಿ ಹೋಗೋಣವೆಂದು ಬಂದವರು, ಹತ್ತು ನಿಮಿಷದಲ್ಲಿ ಪ್ಯಾಂಟಿನ ಕಾಲು ಮಡಚಿಕೊಂಡು ಸಾಲಿನಲ್ಲಿದ್ದರು. ಮೊದಲ ಒದೆ ಹೊರಗೆ. ಎರಡನೆಯದು ಕಂಬಕ್ಕೆ. ಮೂರು, ನಾಲ್ಕು ಕೀಪರನ ಕೈಗೆ. ಪ್ರತಿ ಸಲವೂ ಜೇಬಿಗೆ ಕೈ ಹಾಕಿ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದರು. ಒಂಬತ್ತನೆಯದು ನೆಲದ ಉಬ್ಬಿಗೆ ತಾಗಿ ದಿಕ್ಕು ಬದಲಿಸಿ ಬಲೆ ಸೇರಿತು. ಸಾಹುಕಾರರು ಎರಡೂ ತೋಳು ಚಾಚಿ ಓಡಿದರು, ಜಾರಿ ಕೂತರು, ಕೂತಲ್ಲೇ ನಕ್ಕರು.

"ಸ್ಕೂಲಲ್ಲಿ ನನ್ನನ್ನ ಟೀಮಿಗೇ ಸೇರಿಸ್ತಿರಲಿಲ್ಲ ಕಣ್ರೀ," ಎಂದರು ಎತ್ತಲು ಬಂದವರಿಗೆ.

ಇದೇ ಸಮಯವೆಂದು ಕಂಡಕ್ಟರ್ ಹೆಸರಿನ ವಿಷಯ ತೆಗೆದ. ಸಾಹುಕಾರರು ಮಣ್ಣು ಕೊಡವಿಕೊಳ್ಳುತ್ತ ಯೋಚಿಸಿದರು. "ಹೆಸರು ಬದಲಾಯಿಸಿದ್ರೆ ನಾನು ಯಾರ ಮೇಲೆ ಗೋಲು ಹೊಡೆದೆ ಅಂತ ಹೇಳ್ಕೊಳ್ಳಲಿ? ಹಾಸಿಗೆ ಮೇಲಾ? ಬೇಡ, ಇದೇ ಇರಲಿ. ಗೋಡೆ ಮೇಲೆ ನನ್ನ ಬೋರ್ಡಿಗೆ ಜಾಗ ಕೊಡಿ, ಬಾಡಿಗೆ ಕಟ್ತೀನಿ. ಗೋಲು ಹೊಡೆದವರ ಪಟ್ಟಿ ಪಕ್ಕದಲ್ಲೇ ಇರಬೇಕು, ಅಷ್ಟೇ."

ಲೀಗಿನ ಶುಲ್ಕ ಅವತ್ತೇ ಕೈಸೇರಿತು. ಮೈದಾನದ ಬಾಡಿಗೆಯಲ್ಲಿ ಅರ್ಧ ಬಾಕಿ ಉಳಿಯಿತು. ಬೋರ್ಡಿನ ಹಣ ಬಂದ ಮೇಲೆ ನೋಡೋಣ ಎಂದು ಮೇಷ್ಟ್ರು ಪೆಟ್ಟಿಗೆ ಮುಚ್ಚಲು ಹೋದರು.

"ಇನ್ನೊಂದು ಇದೆ," ಎಂದು ಅಕ್ಕ ಸೆರಗಿನ ತುದಿಯಿಂದ ನೂರು ಬಿಚ್ಚಿಕೊಟ್ಟಳು.

ಜನ ಹೋ ಎಂದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಚೆಂಡಿನ ಮುಂದೆ ನಿಂತಳು. ಎದುರಿಗೆ ತಮ್ಮ, ಕೈ ಅಗಲಿಸಿ, ಸ್ವಲ್ಪ ಬಗ್ಗಿ. ಅವನ ಮುಖದಲ್ಲಿ ನಗುವಿರಲಿಲ್ಲ. ಎಲ್ಲರನ್ನೂ ನೋಡಿದ ಹಾಗೆಯೇ ಅವಳನ್ನೂ ನೋಡುತ್ತಿದ್ದ. ಬಿಟ್ಟುಕೊಡುತ್ತಾನೋ ಏನೋ ಎಂಬ ಅನುಮಾನ ಅವಳಿಗೆ ಬಂತು. ಬಿಡಬಾರದು ಅನ್ನಿಸಿತು. ಬಿಟ್ಟರೂ ಚೆನ್ನ ಎಂದೂ ಅನ್ನಿಸಿತು.

ಒದ್ದಳು. ಅವಳಿಗೇ ಅಚ್ಚರಿಯಾಗುವಂತೆ ಚೆಂಡು ಸರಿಯಾಗಿ ಎಡಮೂಲೆಗೆ ಹೊರಟಿತು. ತಮ್ಮ ಮೈಯನ್ನೆಲ್ಲ ಚಾಚಿ ಹಾರಿ, ಬೆರಳ ತುದಿಯಿಂದ ಅದನ್ನು ಹೊರಗೆ ತಳ್ಳಿದ. ಬೆಳಿಗ್ಗೆಯಿಂದ ಅಂಥದ್ದೊಂದನ್ನು ಯಾರೂ ನೋಡಿರಲಿಲ್ಲ. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಇಬ್ಬರೂ ಮನೆಯ ಕಡೆ ನಡೆದರು.

"ಒಡಹುಟ್ಟಿದವಳು ಅಂತನಾದ್ರೂ ಒಂದು ಬಿಡಬಹುದಿತ್ತು," ಎಂದಳು ಅಕ್ಕ ಅರ್ಧ ದಾರಿಯಲ್ಲಿ.

"ಬಿಟ್ಟಿದ್ರೆ ಸುಮ್ಮನಿರ್ತಿದ್ಯಾ?"

ಅವಳು ಯೋಚಿಸಿದಳು. "ಜನ್ಮದಲ್ಲಿ ಮಾತಾಡಿಸ್ತಿರಲಿಲ್ಲ," ಎಂದು, ಅವನು ಕುಂಟುತ್ತಿದ್ದುದನ್ನು ಗಮನಿಸಿ ಬ್ಯಾಗನ್ನು ಅವನ ಹೆಗಲಿನಿಂದ ಕಿತ್ತುಕೊಂಡು ತಾನೇ ಹೊತ್ತು ನಡೆದಳು.