ಕಾಲುವೆ ದಂಡೆಯ ಸವಾರಿ

ಹೊರಗಿನವರೆದುರು ತನ್ನವರನ್ನು ತನ್ನವರೆನ್ನುವ ಧೈರ್ಯ ಅಭಿರಾಮಿಗೆ ಇರಲಿಲ್ಲ. ಚೆನ್ನೈನಿಂದ ಬಂದ ಆರು ಸೈಕಲ್ ಸವಾರರಿಗೆ ಅವಳು ತಮಿಳುನಾಡಿನ ಕಂಬಂ ಹತ್ತಿರ, ವಾಹನಗಳೇ ಓಡಾಡದ ಕಾಲುವೆ ದಂಡೆಯ ದಾರಿಯನ್ನು ತಾನೂ ಸೈಕಲ್ ತುಳಿಯುತ್ತ ತೋರಿಸುತ್ತಿದ್ದಳು. ಎದುರಿಗೆ ಅವಳ ಕುಲದವರು ದೇವರಿಗೆ ಬಿಟ್ಟ ದನಗಳು ಬಂದವು. ಅವು ಬಂದರೆ ಇಳಿದು, ಚಪ್ಪಲಿ ಬಿಟ್ಟು ನಿಲ್ಲುವುದು ಮನೆಯ ರೂಢಿ.

ದನ ಕಾಯುತ್ತಿದ್ದ ಅವಳ ಸೋದರಮಾವ ಕಣ್ಣನ್ ಮನೆಮಾತಾದ ಕನ್ನಡದಲ್ಲೇ ಹುಡುಗಿಯನ್ನು ಕೂಗಿದ: "ಏ ಪುಳ್ಳೆ, ಇಳಿ! ಸೀಟಿಗೆ ಅಂಟ್ಕೊಂಡ್ಬುಟ್ಟಿಯಾ?"

"ಯಾರವರು?" ಎಂದು ಸವಾರನೊಬ್ಬ ತಮಿಳಿನಲ್ಲಿ ಕೇಳಿದ.

"ಯಾರೋ, ಗೊತ್ತಿಲ್ಲ," ಎಂದವಳೇ ಗಂಟೆ ಬಾರಿಸುತ್ತ ಮುಂದೆ ನುಗ್ಗಿದಳು. ಆರೂ ಜನ ಹಿಂದೆ ನುಗ್ಗಿದರು. ಬೆದರಿದ ಮೂರು ಕರುಗಳು ತುಂಬಿ ಹರಿಯುತ್ತಿದ್ದ ಕಾಲುವೆಗೆ ಬಿದ್ದವು. ಕಣ್ಣನ್ ಅವಳತ್ತ ನೋಡದೆ ನೀರಿಗೆ ಧುಮುಕಿದ. ಅಭಿರಾಮಿ ಸೈಕಲ್ ಇಳಿದು, ತಲೆ ಎತ್ತಲಾಗದೆ ದಂಡೆಯಲ್ಲಿ ನಿಂತಳು. ಅವನು ಒಂದನ್ನು ಎಳೆದು ತಂದ. ಎರಡು ಕರು ನೀರಿನಲ್ಲಿ ಕೊಚ್ಚಿ ಹೋದವು.