ಏಪ್ರಿಲ್‌ನಲ್ಲೂ ಬತ್ತದ ಗಂಗವ್ವ

ಸೋಮವಾರಕ್ಕೆ ನನ್ನ ಹೆರಿಗೆ ರಜೆ ಮುಗಿಯುತ್ತಿತ್ತು. ಪರೇಲಿನ ಆಫೀಸಿನವರು ಕಾಯಲು ತಯಾರಿರಲಿಲ್ಲ, ಮನೆಯಲ್ಲಿ ಅತ್ತೆ ಕಾಶವ್ವ ಬಿಡಲು ತಯಾರಿರಲಿಲ್ಲ. ಗಂಗೆ ಪೂಜೆ ಮಾಡಿ ಕೊಡ ಹೊತ್ತು ತರುವವರೆಗೆ ಬಾಣಂತಿ ದುಡಿಯಲು ಹೊಸ್ತಿಲು ದಾಟುವಂತಿಲ್ಲ. ನಮ್ಮೂರು ವಿಜಯಪುರದ ಈ ಕಾಯ್ದೆ, ಜೋಗೇಶ್ವರಿಯಲ್ಲಿ ಹತ್ತಾರು ಮನೆಗೆ ಒಂದೇ ನಳವಿರುವ ನಮ್ಮ ಚಾಳಿಗೂ ಅನ್ವಯಿಸುತ್ತದೆ.

"ನಳಕ್ಕ ಪೂಜಿ ಮಾಡಿದ್ರಾತು ಬಿಡ್ರಿ," ಎಂದೆ.

"ನಳದಾಗ ಬರಾಕಿ ಮುನ್ಸಿಪಾಲ್ಟಿಯಾಕಿ. ಗಂಗವ್ವ ಹರೀಬೇಕು!"

ಸಮುದ್ರ ಉಪ್ಪೆಂದು ಬೇಡವಾಯಿತು. ಮೀಠಿ ನದಿಯನ್ನು ಅತ್ತೆ ದೂರದಿಂದಲೇ ಮೂಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ವಾಪಸಾದರು. ಆಗ ನನ್ನ ಗಂಡ ಸೋಮನಾಥನೆಂಬ ಮಹಾ ಸಂಶೋಧಕ ಮೊಬೈಲಿನಲ್ಲಿ ಒಂದು ಜಲಪಾತ ಕಂಡುಹಿಡಿದ. ಗುಡ್ಡದ ಕಾಡಿನ ಕಾಲುದಾರಿಯಲ್ಲಂತೆ. ಏಪ್ರಿಲ್‌ನಲ್ಲೂ ಬತ್ತುವುದಿಲ್ಲವಂತೆ. ಯಾಕೆ ಬತ್ತುವುದಿಲ್ಲ ಎಂದು ಕೇಳುವಷ್ಟು ಬುದ್ಧಿ ನಮ್ಮ ಮನೆಯಲ್ಲಿ ಯಾರಿಗಿತ್ತು!

ಭಾನುವಾರ ಬೆಳಿಗ್ಗೆ ಹೊರಟೆವು. ಕೊಡ, ರೊಟ್ಟಿಗಂಟು ನನ್ನವು, ಕೂಸು ಅತ್ತೆಯದು, ಸೆಲ್ಫಿ ಗಂಡನದು. ಜಲಪಾತ ಆಳೆತ್ತರವೂ ಇರಲಿಲ್ಲ. ಆದರೂ ಅತ್ತೆ ಕೈಮುಗಿದು ಕಣ್ಣೀರು ಹಾಕಿದರು. ಐದು ಹರಳು ಆರಿಸಿ, ತೊಳೆದು, ಸಾಲಾಗಿಟ್ಟು ಅರಿಸಿನ ಹಚ್ಚಿದರು. ನಾನು ಕೊಡವನ್ನು ಧಾರೆಗೆ ಒಡ್ಡಿದೆ. ಅರ್ಧ ತುಂಬುವಷ್ಟರಲ್ಲಿ ಧಾರೆ ಸಣ್ಣಗಾಯಿತು, ತೊಟ್ಟಿಕ್ಕಿತು, ನಿಂತೇ ಹೋಯಿತು.

"ಅಯ್ಯ ಶಿವನ! ಗಂಗವ್ವ ಸಿಟ್ಟಾದ್ಲು!" ಅತ್ತೆ ಎರಡೂ ಕೆನ್ನೆ ಬಡಿದುಕೊಂಡರು. ಅರ್ಧ ಕೊಡವನ್ನು ಅವರು ಒಪ್ಪುವುದಿಲ್ಲ, ನನ್ನ ಕೆಲಸ ಹೋಯಿತಲ್ಲ!

ಸೋಮನಾಥ ಬಂಡೆ ಹತ್ತಿ ನೋಡಿ ಕೂಗಿದ: "ಅವ್ವಾ, ಇಲ್ಲಿ ದೊಡ್ಡ ಪೈಪ್ ಐತಿ! ಒಡದು ಸೋರಾಕತ್ತಿತ್ತು. ಮ್ಯಾಲೆ ಜೋಗೇಶ್ವರಿ ಅಂತ ಬರದಾರ!"

ನಮ್ಮ ಚಾಳಿನ ನಳ ನಿಲ್ಲುವುದೂ ದಿನಾ ಇದೇ ಹೊತ್ತಿಗೆ. ನನಗೆ ನಗು ತಡೆಯಲಾಗಲಿಲ್ಲ. "ಅತ್ತಿ, ಈಕಿ ನಮ್ಮ ನಳದಾಕೀನ ಅದಾಳಲ್ರೀ. ಸ್ವಲ್ಪ ಗಾಳಿಗೆ ಅಡ್ಡಾಡಾಕ ಬಂದಿದ್ಲು."

ಅತ್ತೆ ಹರಳುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು. ದಾರಿಯುದ್ದಕ್ಕೂ ಕೂಸಿನೊಂದಿಗೆ ಮಾತ್ರ ಮಾತಾಡಿದರು.

ಸೋಮವಾರ ಬೆಳಿಗ್ಗೆ ನಳದ ಹತ್ತಿರ ಗದ್ದಲ ಕೇಳಿ ಹೊರಬಂದೆ. ಅತ್ತೆ ನೀರಿನ ಸಾಲಿನ ಮುಂದೆ ನಿಂತು ನಳಕ್ಕೆ ಅರಿಸಿನ ಕುಂಕುಮ ಬಳಿದು, ಅದೇ ಐದು ಹರಳು ಜೋಡಿಸಿ ಕಾಯಿ ಒಡೆಯುತ್ತಿದ್ದರು. ನೀರು ನಿಂತುಹೋಗುತ್ತದೆಂದು ಪಕ್ಕದ ಮನೆಯ ಶುಭಾಂಗಿ ಮರಾಠಿಯಲ್ಲಿ ಚೀರುತ್ತಿದ್ದಳು.

"ಗುಡ್ಡದಾಗಿನ ಗಂಗವ್ವ ನಮ್ಮ ಬೆನ್ನತ್ತಿ ಬಂದಾಳ, ತಡಿಯವಾ!" ಅತ್ತೆ ಕನ್ನಡದಲ್ಲೇ ಗದರಿದರು.

ತುಂಬಿದ ಕೊಡವನ್ನು ನನ್ನ ಸೊಂಟಕ್ಕಿಟ್ಟರು. ಹೊಸ್ತಿಲು ದಾಟಿಸಿದ ಮೇಲೆ ತಾವೇ ಇಳಿಸಿಕೊಂಡು, ನನ್ನ ಮುಖ ನೋಡದೆ ಅಂದರು:

"ನಡಿ, ಲೋಕಲ್ ಗಾಡಿ ತಪ್ಪತೈತಿ. ಕೂಸಿನ್ನ ನಾ ನೋಡ್ಕೋತೀನಿ. ಪೈಪಿನ ಸುದ್ದಿ ಮಾತ್ರ ಯಾರ ಮುಂದೂ ಬ್ಯಾಡ."